ಇಲ್ಲದ ಛತ್ರಿಗೆ ನಾನೇ ಬಣ್ಣ ಕೇಳಿದೆ

ಮನಶ್ಶಾಸ್ತ್ರ ಪಾಠ ಮಾಡುವುದು ನನ್ನ ಕೆಲಸ. ನೆನಪಿನ ಪಾಠ ಬಂದಾಗ ಪ್ರತಿ ವರ್ಷ ತರಗತಿಯಲ್ಲಿ ಒಂದು ಸಣ್ಣ ಕಳ್ಳತನ ಮಾಡಿಸುತ್ತೇನೆ. ಪಾಠದ ನಡುವೆ ಗುರುತಿಲ್ಲದವನೊಬ್ಬ ಒಳಗೆ ಬರುತ್ತಾನೆ. ಮೇಜಿನ ಮೇಲಿದ್ದ ನನ್ನ ಬ್ಯಾಗ್ ಎತ್ತಿಕೊಂಡು ಹೊರಟುಹೋಗುತ್ತಾನೆ. 20 ಸೆಕೆಂಡಿನ ಆಟ, ಅಷ್ಟೇ. ಹಿಂದಿನ ಬೆಂಚಿನಲ್ಲಿ ಕೂತ ಸಹೋದ್ಯೋಗಿಯೊಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಾರೆ.

ಇದೇನು ನನ್ನ ಹೊಸ ಉಪಾಯವಲ್ಲ. ಸುಮಾರು 120 ವರ್ಷದ ಹಿಂದೆಯೇ ಬರ್ಲಿನ್‌ನಲ್ಲಿ ಫ್ರಾಂಜ್ ಫಾನ್ ಲಿಸ್ಟ್ ಎಂಬ ಕಾನೂನು ಪ್ರಾಧ್ಯಾಪಕರು ತಮ್ಮ ತರಗತಿಯಲ್ಲಿ ಇಬ್ಬರಿಂದ ಜಗಳ ಆಡಿಸಿ, ರಿವಾಲ್ವರ್ ಕೂಡ ಹೊರಗೆ ತೆಗೆಸಿದ್ದರು. ನಾನು ಆಯುಧದ ಗೋಜಿಗೆ ಹೋಗಲಿಲ್ಲ. ಮಕ್ಕಳು ಹೆದರುತ್ತಾರೆ. ಜೊತೆಗೆ, ಆಯುಧ ಕಂಡರೆ ಕಣ್ಣು ಅದಕ್ಕೇ ಅಂಟಿಕೊಳ್ಳುತ್ತದೆ, ಮುಖ ಅಷ್ಟಾಗಿ ನೆನಪಿರುವುದಿಲ್ಲ.

ಮೊದಲ ವರ್ಷ ಎಡವಿದ್ದು ವಿದ್ಯಾರ್ಥಿಗಳಲ್ಲ, ನಾನು. ಅವನು ಆಚೆ ಹೋದ ತಕ್ಷಣ ಎಲ್ಲರ ಎದುರಿಗೇ ಪ್ರಶ್ನೆ ಕೇಳತೊಡಗಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು "ಸರ್, ಕಂಕುಳಲ್ಲಿ ಛತ್ರಿ ಇತ್ತು" ಅಂದಳು. ನಾನು "ಹೌದಾ, ಛತ್ರಿ ಯಾವ ಬಣ್ಣದ್ದು?" ಅಂತ ಕೇಳಿಬಿಟ್ಟೆ. ಕಪ್ಪು ಅಂದರು ಕೆಲವರು. ಕಡುನೀಲಿ ಅಂದ ಒಬ್ಬ. ಇನ್ನೊಬ್ಬ ಅದು ಮಡಿಸುವ ಛತ್ರಿ ಅಂತ ವಾದಕ್ಕೇ ನಿಂತ. ವಿಡಿಯೊ ಹಾಕಿದರೆ ಛತ್ರಿಯೇ ಇಲ್ಲ! ಬರಿಗೈಯಲ್ಲಿ ಬಾ ಅಂತ ಅವನಿಗೆ ಹೇಳಿ ಕಳಿಸಿದ್ದವನೇ ನಾನು. ಆದರೂ ವಿಡಿಯೊ ನೋಡುವ ಹೊತ್ತಿಗೆ ನನ್ನ ಕಣ್ಣ ಮುಂದೆಯೂ ಒಂದು ಕಪ್ಪು ಛತ್ರಿ ಬಂದು ಕೂತಿತ್ತು.

ನಾಚಿಕೆಯಾಗಿದ್ದು ಯಾಕೆಂದರೆ, ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನೇ ವರ್ಷಗಟ್ಟಲೆ ಪಾಠ ಮಾಡಿದ್ದೆ. ಕಾರುಗಳ ಅಪಘಾತದ ಚಿತ್ರ ತೋರಿಸಿ, ಕೆಲವರಿಗೆ ಕಾರುಗಳು "ಡಿಕ್ಕಿ ಹೊಡೆದಾಗ" ವೇಗ ಎಷ್ಟಿತ್ತು ಅಂತ ಕೇಳಿದರು. ಇನ್ನು ಕೆಲವರಿಗೆ "ಅಪ್ಪಳಿಸಿ ಜಜ್ಜಿದಾಗ" ಅನ್ನುವಂಥ ಜೋರಾದ ಪದ. ಒಂದು ವಾರ ಬಿಟ್ಟು, ಒಡೆದ ಗಾಜು ಕಂಡಿರಾ ಅಂತ ಕೇಳಿದರು. ಜೋರು ಪದ ಕೇಳಿದ 50 ಜನರಲ್ಲಿ 16 ಮಂದಿ ಹೌದು ಅಂದರು. ಸಾಧಾರಣ ಪದ ಕೇಳಿದ 50ರಲ್ಲಿ 7 ಮಂದಿ. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಕೊಡುವವನು, ತರಗತಿಯಲ್ಲಿ ಛತ್ರಿಯ ಬಣ್ಣ ಕೇಳಿದೆ.

ಮುಂದಿನ ವರ್ಷದಿಂದ ಪ್ರಶ್ನೆ ಬಂದ್. ಬಿಳಿ ಹಾಳೆ ಕೊಡುತ್ತೇನೆ. ಪಕ್ಕದವರ ಜೊತೆ ಮಾತಿಲ್ಲ. ನೆನಪಿಗೆ ಬಂದದ್ದೆಲ್ಲ ಬರೆಯಿರಿ, ಗೊತ್ತಿಲ್ಲದ್ದನ್ನು ಊಹಿಸಿ ತುಂಬಬೇಡಿ ಅಂತಷ್ಟೇ ಹೇಳುತ್ತೇನೆ. ಸಾಕ್ಷಿಗಳ ನೆನಪು ಕೆದಕಲು ಫಿಶರ್ ಮತ್ತು ಗೈಸಲ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ರೂಪಿಸಿದ ಸಂದರ್ಶನ ಕ್ರಮದಿಂದ ಒಂದೆರಡು ಅಂಶ ತೆಗೆದುಕೊಂಡೆ. ಕಣ್ಣು ಮುಚ್ಚಿ ಆ ಗಳಿಗೆಗೆ ಮನಸ್ಸಿನಲ್ಲೇ ವಾಪಸ್ ಹೋಗುವುದು ನನಗೆ ಚೆನ್ನಾಗಿ ಒದಗಿತು. ಕೊನೆಯಿಂದ ಮೊದಲಿಗೆ ಹೇಳಿಸುವುದು ಅಷ್ಟಾಗಿ ಹಿಡಿಸಲಿಲ್ಲ, ಹುಡುಗರು ಗೊಂದಲಕ್ಕೆ ಬಿದ್ದರು. ಎಲ್ಲಕ್ಕಿಂತ ಕಷ್ಟ ಅಂದರೆ ಸುಮ್ನೆ ಇರೋದು. ಮೇಷ್ಟರ ಬಾಯಿ, ಮುಚ್ಚಿಕೊಂಡಿರಲ್ಲ ಅಲ್ವಾ?

ಆಮೇಲೆ ಫೋಟೊ ಗುರುತಿಸುವುದು. ಆರು ಫೋಟೊ ಇಡುತ್ತೇನೆ, ನಮ್ಮ ಕಳ್ಳನದು ಬೇಕೆಂದೇ ಇಡುವುದಿಲ್ಲ. ಮೊದಲ ವರ್ಷ "ಇದರಲ್ಲಿ ಅವನು ಇಲ್ಲದೆಯೂ ಇರಬಹುದು" ಅಂತ ಹೇಳಲು ಮರೆತಿದ್ದೆ. ಹೆಚ್ಚಿನವರು ಯಾರನ್ನೋ ಒಬ್ಬನನ್ನು ತೋರಿಸಿಬಿಟ್ಟರು. ಒಬ್ಬ ಹುಡುಗ ಅನುಮಾನದಲ್ಲೇ "ಇವನಿರಬಹುದು" ಅಂದ. ನಾನು ಅಭ್ಯಾಸಬಲದಿಂದ "ಹೂಂ" ಅಂತ ತಲೆಯಾಡಿಸಿದೆ. ಸ್ವಲ್ಪ ಹೊತ್ತಿಗೆ ಗೆಳೆಯರ ಹತ್ತಿರ ಅವನು ಹೇಳುತ್ತಿದ್ದದ್ದು: "ಇವನೇ ಕಣ್ರೋ, ಮೊದಲೇ ಗೊತ್ತಾಯ್ತು ನಂಗೆ."

ಗ್ಯಾರಿ ವೆಲ್ಸ್ ಮತ್ತು ಆ್ಯಮಿ ಬ್ರಾಡ್‌ಫೀಲ್ಡ್ 1998ರಲ್ಲಿ ತೋರಿಸಿದ್ದು ಇದನ್ನೇ. ತಪ್ಪು ಮುಖ ಆರಿಸಿದವರಿಗೆ "ಸರಿಯಾಗಿ ಗುರುತಿಸಿದಿರಿ" ಅಂದರೆ ಸಾಕು. ಚೆನ್ನಾಗಿ ನೋಡಿದ್ದೆ, ಆಗಲೇ ಖಾತ್ರಿ ಇತ್ತು ಅಂತ ಅವರು ನಂಬಿಬಿಡುತ್ತಾರೆ. ಅಮೆರಿಕದ ರೊನಾಲ್ಡ್ ಕಾಟನ್ ಮಾಡದ ಅಪರಾಧಕ್ಕೆ ಹತ್ತು ವರ್ಷಕ್ಕೂ ಜಾಸ್ತಿ ಜೈಲಿನಲ್ಲಿದ್ದು, 1995ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಬಿಡುಗಡೆಯಾದರು. ಅಲ್ಲೂ ಮೊದಲು ಫೋಟೊ ನೋಡಿ ಹಿಂಜರಿದಿದ್ದ ಸಾಕ್ಷಿ, ನ್ಯಾಯಾಲಯಕ್ಕೆ ಬರುವ ಹೊತ್ತಿಗೆ ಪೂರ್ತಿ ಖಚಿತವಾಗಿದ್ದರು. ಅವರು ಸುಳ್ಳು ಹೇಳಲಿಲ್ಲ. ನಮ್ಮ ಹುಡುಗನೂ ಅಷ್ಟೇ.

ಈಗ ಫೋಟೊ ತೋರಿಸುವುದು ಬೇರೆ ಮೇಷ್ಟರು, ಕಳ್ಳನ ಮುಖವನ್ನೇ ನೋಡದವರು. ಎಷ್ಟು ಖಾತ್ರಿ ಅನ್ನುವುದನ್ನು ಮುಖ ಆರಿಸಿದ ಗಳಿಗೆಯಲ್ಲೇ, ಅವರ ಮಾತಿನಲ್ಲೇ ಬರೆಸಿಕೊಳ್ಳುತ್ತಾರೆ. ಆಮೇಲೆ ಹೇಳಿದ ಖಾತ್ರಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಈ ವರ್ಷ ಹಾಳೆ ಹಂಚುವಾಗ ನಾನೂ ಒಂದು ಇಟ್ಟುಕೊಂಡು ಬರೆದೆ. ವಿಡಿಯೊ ಹಾಕಿ ನೋಡಿದರೆ, ಬ್ಯಾಗ್ ಎತ್ತಿದ್ದು ನಾನು ಬರೆದ ಕೈಯಲ್ಲ, ಇನ್ನೊಂದು.