ಜಿ ಒತ್ತಿದರೆ ಜೊತೆಗೆ ಎಚ್ ಕೂಡ: ಕೀಬೋರ್ಡ್ ಬದಲಿಸದೆ ರಿಪೇರಿ ಮಾಡಿದ ನನ್ನ ಅನುಭವ

ನಾಲ್ಕು ತಿಂಗಳಾಯಿತು, ನನ್ನ ಲ್ಯಾಪ್‌ಟಾಪ್ ಕೀಬೋರ್ಡ್ ಒಂದೇ ಒಂದು ತಪ್ಪು ಅಕ್ಷರ ಹೊಡೆದಿಲ್ಲ. ಬರೆಯೋಕೆ ಇಷ್ಟು ದಿನ ಕಾದಿದ್ದೂ ಅದಕ್ಕೇ. ಎರಡು ದಿನ ಸರಿಯಾಗಿದ್ದು ಮೂರನೇ ದಿನ ಮತ್ತೆ ಕೈಕೊಡುವ ರಿಪೇರಿಯನ್ನು ರಿಪೇರಿ ಅಂತ ನಾನು ಕರೆಯಲ್ಲ. ಅಂಗಡಿಯವರು ಮೇಲಿನ ಪ್ಯಾನೆಲ್ ಸಮೇತ ಕೀಬೋರ್ಡ್ ಬದಲಿಸಲೇಬೇಕು ಅಂದಿದ್ದರು. ಅವರು ಹೇಳಿದ ದುಡ್ಡಿಗೆ ಇನ್ನೊಂದಷ್ಟು ಸೇರಿಸಿದರೆ ಹಳೇ ಲ್ಯಾಪ್‌ಟಾಪೇ ಒಂದು ಬರುತ್ತಿತ್ತು. ಕೊನೆಗೆ ಕೆಲಸ ಮಾಡಿದ ದಾರಿಗೆ ನನಗೆ ಖರ್ಚಾಗಿದ್ದು ಅದರ ಹತ್ತನೇ ಒಂದು ಭಾಗವೂ ಇಲ್ಲ. ನಡುವೆ ಪೋಲಾದದ್ದು ಬೇರೆ, ಅದನ್ನೂ ಹೇಳುತ್ತೇನೆ.

ನೀರು ಚೆಲ್ಲಿದ್ದು ಒಂದು ದಿನ, ತೊಂದರೆ ಶುರುವಾಗಿದ್ದು ಸುಮಾರು ಮೂರು ವಾರ ಆದಮೇಲೆ. ಹಾಗಾಗಿ ನೀರಿನ ಮೇಲೆ ನನಗೆ ಅನುಮಾನವೇ ಬರಲಿಲ್ಲ. ಜಿ ಒತ್ತಿದರೂ ಎಚ್ ಒತ್ತಿದರೂ ಪರದೆ ಮೇಲೆ ಬರುತ್ತಿದ್ದದ್ದು ಜಿ-ಎಚ್ ಎರಡೂ, ಅದೂ ಅದೇ ಕ್ರಮದಲ್ಲಿ. 5 ಒತ್ತಿದರೆ 56. ನಮ್ ಲಾಕ್ ಆನ್ ಆಗಿ ಯು, ಐ, ಓ ಜಾಗದಲ್ಲಿ 4, 5, 6 ಬರುವುದು, ಲೇಔಟ್ ಬ್ರಿಟಿಷ್‌ಗೆ ಹೋಗಿ ಶಿಫ್ಟ್ ಹಿಡಿದು 2 ಒತ್ತಿದಾಗ @ ಬದಲು ಉದ್ಧರಣ ಚಿಹ್ನೆ ಬರುವುದು, ಇವೆಲ್ಲ ನಿಮಗೆ ಗೊತ್ತೇ ಇದೆ, ಅರ್ಧ ನಿಮಿಷದ ಕೆಲಸ. ನನ್ನದು ಅದಲ್ಲ.

ಮೊದಲ ತಪ್ಪು ಫಾರ್ಮ್ಯಾಟ್. ವೈರಸ್ ಇರಬೇಕು ಅಂತ ಗೆಳೆಯನೊಬ್ಬ ಹೇಳಿದ, ಕೇಳಿದೆ. ಬ್ಯಾಕಪ್, ಇನ್‌ಸ್ಟಾಲ್, ಅಪ್‌ಡೇಟ್ ಅಂತ ಒಂದು ಭಾನುವಾರ ಪೂರ್ತಿ ಹೋಯಿತು, ಮೊದಲ ಸಲ ಪಾಸ್‌ವರ್ಡ್ ಹೊಡೆಯುವಾಗಲೇ ಮತ್ತೆ ಅದೇ ಜಿ-ಎಚ್. ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆ) ಹೋಗಿ ಅಲ್ಲಿ ಹೆಸರು ಬರೆಯುವ ಜಾಗದಲ್ಲಿ ಒಂದು ಸಲ ಜಿ ಒತ್ತಿ ನೋಡಿದ್ದರೆ ಸಾಕಿತ್ತು. ಅಲ್ಲೂ ತಪ್ಪು ಬಂದರೆ ವಿಂಡೋಸ್ ತಂಟೆಗೆ ಹೋಗುವ ಅಗತ್ಯವೇ ಇಲ್ಲ. ಶಾರ್ಪ್‌ಕೀಸ್ ಅನ್ನೋ ಪ್ರೋಗ್ರಾಂ ಹಾಕಿ ಕೀ ಅದಲುಬದಲು ಮಾಡಲೂ ಪ್ರಯತ್ನಿಸಿದೆ. ಒಂದು ಕೀ ತಪ್ಪು ಕೋಡ್ ಕಳಿಸುತ್ತಿದ್ದರೆ ಅದು ಉಪಯೋಗಕ್ಕೆ ಬರುತ್ತದೆ, ಎರಡು ಕೋಡ್ ಕಳಿಸಿದರೆ ಏನೂ ಮಾಡಕ್ಕಾಗಲ್ಲ.

ಆಮೇಲೆ ಹೇರ್ ಡ್ರೈಯರ್ ಹಿಡಿದೆ. ಸ್ಪೇಸ್ ಬಾರ್‌ನ ಒಂದು ತುದಿ ಸೊಟ್ಟಗಾಯಿತು, ಈಗಲೂ ಹಾಗೇ ಇದೆ. ಮೇಲಿಂದ ಐಸೋಪ್ರೊಪೈಲ್ (ಬೇಗ ಆರುವ ಸ್ಪಿರಿಟ್) ಹಾಕಿ ಒಣಗಿಸಿದೆ, ಎರಡು ದಿನ ಚೆನ್ನಾಗಿತ್ತು, ನಂಬಿಬಿಟ್ಟೆ, ಮೂರನೇ ದಿನ ಮತ್ತೆ ಶುರು. ಕೊನೆಗೆ ಹೊಸ ಕೀಬೋರ್ಡೇ ತರಿಸಿದೆ. ಮಾಡೆಲ್ ನಂಬರ್ ಅದೇ, ಆದರೆ ರಿಬ್ಬನ್, ಅಂದರೆ ಕೀಬೋರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ಚಪ್ಪಟೆ ಕೇಬಲ್, ಎಡಗಡೆಯಿಂದ ಬರುವ ಬದಲು ಬಲಗಡೆಯಿಂದ ಬಂದಿತ್ತು. ಪ್ಯಾಕೆಟ್ ಒಡೆದಿದ್ದಕ್ಕೆ ವಾಪಸ್ ತಗೊಳ್ಳಲಿಲ್ಲ. ಇದರಲ್ಲಿ ಕೈಬಿಟ್ಟ ದುಡ್ಡೇ ಜಾಸ್ತಿ. ತರಿಸುವ ಮೊದಲು ಹಿಂಭಾಗದ ಫೋಟೋ ಕೇಳಿ ನೋಡಿ.

ಆವತ್ತು ರಾತ್ರಿ ಚೌಕಳಿ ಹಾಳೆ ತೆಗೆದುಕೊಂಡು ಒಂದೊಂದೇ ಕೀ ಒತ್ತಿ ಏನು ಬರುತ್ತದೆ ಅಂತ ಬರೆಯುತ್ತಾ ಹೋದೆ. ಸುಮಾರು ಎಂಬತ್ತು ಕೀ ಇರಬೇಕು. ಮುಗಿಸುವಷ್ಟರಲ್ಲಿ ನಿದ್ದೆ ಹಾರಿಹೋಗಿತ್ತು. ಕೆಟ್ಟ ಕೀಗಳೆಲ್ಲ ಜೋಡಿ ಜೋಡಿ: ಜಿ-ಎಚ್, ಟಿ-ವೈ, ಬಿ-ಎನ್, 5-6, ಆರ್-ಯು, ಎಫ್-ಜೆ, ವಿ-ಎಂ, 4-7. ಎಂಟೇ ಜೋಡಿ, ಉಳಿದದ್ದೆಲ್ಲ ಸರಿ. ಕೀಬೋರ್ಡ್ ಮ್ಯಾಟ್ರಿಕ್ಸ್, ಅಂದರೆ ಹಲವು ಕೀಗಳು ಒಂದೇ ಲೈನು ಹಂಚಿಕೊಳ್ಳುವ ಗೆರೆಗಳ ಜಾಲ, ನೋಡಿದವರಿಗೆ ಇಷ್ಟು ಸಾಕು. ಎಡಗೈ ತೋರುಬೆರಳಿನ ಎಂಟು ಕೀ ಒಂದು ಲೈನು, ಬಲಗೈ ತೋರುಬೆರಳಿನ ಎಂಟು ಕೀ ಇನ್ನೊಂದು ಲೈನು. ಈ ಎರಡು ಲೈನು ಎಲ್ಲೋ ಒಂದಕ್ಕೊಂದು ತಗುಲಿವೆ, ಅಷ್ಟೇ. ಹದಿನಾರು ಕೀ ಹಾಳಾಗಿಲ್ಲ, ಹಾಳಾಗಿರುವುದು ಒಂದೇ ಜಾಗ. ಇದನ್ನು ಹೇಳಿದಾಗ ಅಂಗಡಿಯವರು ನಂಬಲಿಲ್ಲ, ಮದರ್‌ಬೋರ್ಡ್ ಇರಬಹುದು ಅಂದರು.

ಅದಕ್ಕೂ ಉತ್ತರ ಇತ್ತು. ರಿಬ್ಬನ್ ಬೋರ್ಡಿನಿಂದ ಬಿಚ್ಚಿ, ಮಲ್ಟಿಮೀಟರ್ ಹಿಡಿದು ಪಕ್ಕಪಕ್ಕದ ಗೆರೆಗಳನ್ನು ಅಳೆದೆ. ಯಾವ ಕೀಯನ್ನೂ ಒತ್ತದೇ ಇದ್ದಾಗ ಎಲ್ಲವೂ ಓಪನ್, ಅಂದರೆ ಒಂದಕ್ಕೊಂದು ಸಂಪರ್ಕ ಇಲ್ಲ ಅಂತ, ತೋರಿಸಬೇಕು. ಒಂದು ಜೋಡಿ ಮಾತ್ರ 300-400 ಓಮ್ ತೋರಿಸಿತು. ಬಿಚ್ಚಿದ ಮೇಲೂ ಇದೆ ಅಂದರೆ ಬೋರ್ಡ್ ತಪ್ಪಲ್ಲ, ಅಲ್ವಾ? ಮೀಟರ್ ಹಿಡಿದುಕೊಂಡೇ ರಿಬ್ಬನ್ನನ್ನು ಅಲ್ಲಲ್ಲಿ ಮೆಲ್ಲಗೆ ಒತ್ತುತ್ತಾ ಬಂದೆ. ಅದು ಮಡಚಿಕೊಂಡು ಒಳಗೆ ಹೋಗುವ ಕಡೆ ಒತ್ತಿದಾಗ ಅಂಕಿ ಕುಣಿಯಿತು.

ಅಲ್ಲಿ ಭೂತಗನ್ನಡಿ ಇಟ್ಟು ನೋಡಿದೆ. ಎರಡು ಬೆಳ್ಳಿ ಗೆರೆಗಳ ನಡುವೆ ಬೇರು ಇಳಿದ ಹಾಗೆ ಕಪ್ಪಗೆ, ಕೂದಲಿಗಿಂತ ಸಣ್ಣದು. ಬೆಳ್ಳಿ ಗೆರೆಗೆ ತೇವವೂ ತಾಗಿ ವೋಲ್ಟೇಜೂ ಇದ್ದರೆ ಬೆಳ್ಳಿ ಪಕ್ಕದ ಗೆರೆ ಕಡೆಗೆ ನಿಧಾನವಾಗಿ ಬೆಳೆಯುತ್ತದೆ. ಮೂರು ವಾರ ಹಿಡಿದಿದ್ದು ಅದಕ್ಕೆ! ಮೇಲಿಂದ ಎಷ್ಟು ಸ್ಪಿರಿಟ್ ಹಾಕಿದರೂ ಅದು ಇಲ್ಲಿಗೆ ತಲುಪುತ್ತಲೇ ಇರಲಿಲ್ಲ. ಮರದ ಟೂತ್‌ಪಿಕ್ ತುದಿಗೆ 99% ಐಸೋಪ್ರೊಪೈಲ್ ಹಚ್ಚಿ ಗೆರೆಗಳ ಉದ್ದಕ್ಕೇ ಉಜ್ಜಿದೆ, ಅಡ್ಡಡ್ಡ ಉಜ್ಜಬಾರದು. ಹತ್ತು ನಿಮಿಷಕ್ಕೆ ಮೀಟರ್ ಓಪನ್ ತೋರಿಸಿತು.

ಆದರೆ ಉಜ್ಜುವಾಗ ಒಂದು ಗೆರೆ ಕಿತ್ತುಬಂತು. ಪೆನ್ಸಿಲ್ ಗ್ರಾಫೈಟ್ ಹಚ್ಚಿ ನೋಡಿದೆ, ರೆಸಿಸ್ಟೆನ್ಸ್ ತೀರಾ ಜಾಸ್ತಿ, ಜಿ ಒಂದೊಂದು ಸಲ ಮಾತ್ರ ಬೀಳುತ್ತಿತ್ತು. ಸಿಲ್ವರ್ ಪೇಂಟ್‌ನ (ಬೆಳ್ಳಿ ಪುಡಿ ಇರುವ, ಕರೆಂಟ್ ಹರಿಸುವ ಪೇಂಟ್) ಚಿಕ್ಕ ಬಾಟಲಿ ತಂದು ಹಚ್ಚಿದ ಮೇಲೆ ಸರಿಹೋಯಿತು. ಒಂದು ಮಿಲಿಮೀಟರ್ ಅಂತರದಲ್ಲಿ ಪೇಂಟ್ ಪಕ್ಕಕ್ಕೆ ಹರಡದ ಹಾಗೆ ಹೇಗೆ ಹಚ್ಚಿದೆ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಅದನ್ನು ಕಲಿಯೋಕೆ ನಾನು ಆರು ಹಾಳೆ ವ್ಯರ್ಥ ಮಾಡಿದ್ದೇನೆ. ಒಂದು ರಾತ್ರಿ ಒಣಗಲು ಬಿಟ್ಟು, ಮೇಲೆ ಕ್ಯಾಪ್ಟಾನ್ ಟೇಪ್ (ಕರೆಂಟ್ ಹರಿಸದ, ಶಾಖ ತಡೆಯುವ ತೆಳು ಟೇಪ್) ಅಂಟಿಸಿದೆ. ಮಡಚುವ ಜಾಗವನ್ನು ಸ್ವಲ್ಪ ಸರಿಸಿದೆ.

ತಪ್ಪಿ ಬಂದಿದ್ದ ಆ ಕೀಬೋರ್ಡನ್ನೂ ಸುಮ್ನೆ ಬಿಡಲಿಲ್ಲ. ಬಿಚ್ಚಿ ಅದರ ಮೂರು ಪ್ಲಾಸ್ಟಿಕ್ ಹಾಳೆ ಬೇರೆ ಮಾಡಿ ಲೈನು ಎಣಿಸಿದೆ: ಎಂಟು ಒಂದು ಕಡೆ, ಹದಿನಾರು ಇನ್ನೊಂದು ಕಡೆ. ಯುಎಸ್‌ಬಿ ಕೀಬೋರ್ಡ್ ಮಾಡೋಣ ಅಂತ ಪ್ರೊ ಮೈಕ್ರೋ ಅನ್ನೋ ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡ್ ತೆಗೆದೆ, ಅದರಲ್ಲಿ 18 ಪಿನ್ ಮಾತ್ರ, 24 ಲೈನಿಗೆ ಸಾಲದು. ಜಾಸ್ತಿ ಪಿನ್ ಇರುವ ಬೋರ್ಡ್ ಸಿಕ್ಕಿದ ಮೇಲೆ ಮುಂದುವರಿಸುತ್ತೇನೆ.

ವೈರಸ್ ಅಂದಿದ್ದ ಗೆಳೆಯ ಕಳೆದ ವಾರ ತನ್ನ ಲ್ಯಾಪ್‌ಟಾಪ್ ತಂದುಕೊಟ್ಟ. ಅವನದರಲ್ಲಿ ಜೋಡಿ ಇಲ್ಲ, ಏಳು ಕೀ ಪೂರ್ತಿ ಸತ್ತಿವೆ. ಏಳೂ ಒಂದೇ ಲೈನಿನವು, ಅಂದರೆ ಗೆರೆ ತಗುಲಿಲ್ಲ, ತುಂಡಾಗಿದೆ. ಬಾಟಲಿಯಲ್ಲಿ ಪೇಂಟ್ ಇನ್ನೂ ಮುಕ್ಕಾಲು ಭಾಗ ಉಳಿದಿದೆ.