ಮೊದಲು ದೂರದ ದ್ವೀಪ: ಉದ್ದದ ಪ್ರವಾಸದ ಕೊನೆಗೆ ಗ್ರೀಸಿನ ಸಮುದ್ರ

ಯುರೋಪ್ ಸುತ್ತಿ ಕೊನೆಯ ಎರಡು ವಾರವನ್ನು ಗ್ರೀಸಿನ ಸೈಕ್ಲೇಡ್ಸ್ ದ್ವೀಪಗಳಿಗೆ ಎತ್ತಿಟ್ಟುಕೊಳ್ಳುವ ಜೋಡಿಗಳಿಗೆ ಸಿಗುವ ಸಲಹೆ ಒಂದೇ. ಅಥೆನ್ಸಿನ ಪಿರೇಯಸ್ ಬಂದರಿನಿಂದ ಹತ್ತಿರದ ದ್ವೀಪಕ್ಕೆ ಹೋಗಿ, ಅಲ್ಲಿಂದ ಮುಂದಿನದಕ್ಕೆ ದಾಟಿ, ಸಾಂಟೊರಿನಿಯಲ್ಲಿ ಮುಗಿಸಿ, ಎಲ್ಲ ಕಡೆಯೂ ಕ್ಯಾಟಮರಾನ್ ಎಂಬ ಜೋಡಿ ಒಡಲಿನ ವೇಗದ ದೋಣಿ ಹಿಡಿಯಿರಿ. ನಾನು ಮತ್ತು ನನ್ನ ಹೆಂಡತಿ ಇದನ್ನು ಪೂರ್ತಿ ತಿರುಗಿಸಿದೆವು. ಮೊದಲು ದೂರದ ಅಮೊರ್ಗೋಸ್, ಆಮೇಲೆ ಕೂಫೋನಿಸಿ, ಆಮೇಲೆ ನಾಕ್ಸೋಸ್, ಅಲ್ಲಿಂದ ವಾಪಸ್ ಪಿರೇಯಸ್. ಕ್ಯಾಟಮರಾನ್ ಒಂದೂ ಇಲ್ಲ, ಸಾಂಟೊರಿನಿಯೂ ಇಲ್ಲ. ಕೇಳಿದವರೆಲ್ಲ ಬೇಡ ಅಂದರು. ಸಾಂಟೊರಿನಿ ನೋಡದೆ ಬರುವುದಕ್ಕೆ ಗ್ರೀಸಿಗೆ ಯಾಕೆ ಹೋಗಬೇಕು ಅನ್ನುವುದು ಒಂದು ತಕರಾರು, ಸುಸ್ತಾದ ಮೈಯಲ್ಲಿ ಮೊದಲ ದಿನವೇ ಎಂಟು ಗಂಟೆ ಹಡಗೇ ಅನ್ನುವುದು ಇನ್ನೊಂದು. ಆದರೆ ಗಾಳಿಗೆ ಹಡಗುಗಳು ನಿಂತ ವಾರದಲ್ಲೂ ನಮ್ಮ ಒಂದು ರೂಮಿನ ಮುಂಗಡವೂ ಮುಳುಗಲಿಲ್ಲ, ವಿಮಾನವೂ ತಪ್ಪಲಿಲ್ಲ.

ಇಲ್ಲಿ ಎಲ್ಲವನ್ನೂ ನಿರ್ಧರಿಸುವುದು ಗಾಳಿ. ಜುಲೈ, ಆಗಸ್ಟಿನಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ಒಮ್ಮೆ ಹಿಡಿದರೆ ಮೂರ್ನಾಲ್ಕು ದಿನ ಬಿಡುವುದಿಲ್ಲ. ಸೆಪ್ಟೆಂಬರ್ ನಡುವಿಗೆ ಬರುವಾಗ ಇಳಿಯುತ್ತದೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ಗಾಳಿಯ ಬಲ ಅಳೆಯುವ ಬ್ಯೂಫೋರ್ಟ್ ಮಾಪಕದಲ್ಲಿ 6 ಅಂದರೆ 22ರಿಂದ 27 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್), 8 ಅಂದರೆ 34ರಿಂದ 40. ಕ್ಯಾಟಮರಾನ್‌ಗಳನ್ನು ಗಾತ್ರ ನೋಡಿ ಆರಕ್ಕೋ ಏಳಕ್ಕೋ ನಿಲ್ಲಿಸುತ್ತಾರೆ. ಕಾರು, ಲಾರಿ ತುಂಬಿಕೊಂಡು ಹೋಗುವ ದೊಡ್ಡ ಹಡಗು ಸಾಮಾನ್ಯವಾಗಿ ಎಂಟರ ತನಕ ಓಡುತ್ತದೆ. ಈ ಎರಡು ಅಂಕೆಗಳ ವ್ಯತ್ಯಾಸದಲ್ಲೇ ನಮ್ಮ ಇಡೀ ಯೋಜನೆ ನಿಂತಿದೆ. ಹಿಂದೊಮ್ಮೆ ವೇಗದ ದೋಣಿಯನ್ನೇ ನಂಬಿ ಮಾಡಿದ್ದ ಯೋಜನೆ ಒಂದೇ ರದ್ದತಿಗೆ ಕುಸಿದಿತ್ತು. ಬಂದರು ಇಲಾಖೆ ಹಡಗು ನಿಲ್ಲಿಸಿದರೆ ಟಿಕೆಟಿನ ಹಣ ಪೂರ್ತಿ ಬರುತ್ತದೆ, ಇಲ್ಲವೇ ಬೇರೆ ದಿನಕ್ಕೆ ಬದಲಿಸಿಕೊಡುತ್ತಾರೆ. ಆದರೆ ಮುಂದಿನ ದ್ವೀಪದಲ್ಲಿ ಕಟ್ಟಿದ ರೂಮಿನ ಹಣವನ್ನು ಯಾರೂ ಕೊಡುವುದಿಲ್ಲ. ನಷ್ಟವೆಲ್ಲ ಆಗುವುದು ಅಲ್ಲೇ.

ಮುನ್ಸೂಚನೆಗೆ ವಿಂಡಿ ಆ್ಯಪ್ ಸಾಕು, ಆದರೆ ಸರಾಸರಿ ವೇಗ ನೋಡಿ ನಿಶ್ಚಿಂತರಾಗಬೇಡಿ. ಗಾಳಿಯ ದಿಢೀರ್ ಹೊಡೆತ ತೋರಿಸುವ ಗಸ್ಟ್ ಎಂಬ ಪದರವನ್ನು ಹಾಕಿ, ನೀವು ಇಳಿಯುವ ದ್ವೀಪದ ಜೊತೆಗೆ ಹಡಗು ಹೊರಡುವ ದ್ವೀಪವನ್ನೂ ನೋಡಿ. ಹಡಗು ಮಧ್ಯದಲ್ಲಿ ಎಲ್ಲಿದೆ ಅನ್ನುವುದಕ್ಕೆ ಮರೀನ್ ಟ್ರಾಫಿಕ್ ಎಂಬ ಆ್ಯಪ್ ಇದೆ. ಬಂದರಿನ ಬಿಸಿಲಿನಲ್ಲಿ ಎರಡು ಗಂಟೆ ಕಾಯುವ ಬದಲು, ಹಡಗು ಹಿಂದಿನ ದ್ವೀಪ ಬಿಟ್ಟ ಮೇಲೆ ರೂಮಿನಿಂದ ಹೊರಟರೆ ಸಾಕಾಗುತ್ತದೆ. ಅಮೊರ್ಗೋಸಿನಲ್ಲಿ ಹೀಗೆಯೇ ಮಾಡಿದೆವು.

ದೂರದ್ದು ಮೊದಲು ಯಾಕೆ ಅಂದರೆ, ಮೊದಲ ದಿನ ಗಾಳಿ ಇದ್ದರೆ ಅಥೆನ್ಸಿನಲ್ಲೇ ಒಂದು ದಿನ ಕಳೆಯಬಹುದು, ಏನೂ ಹಾಳಾಗುವುದಿಲ್ಲ. ಕೊನೆಯ ದಿನ ಗಾಳಿ ಇದ್ದರೆ ವಿಮಾನ ಕೈತಪ್ಪುತ್ತದೆ. ಹಾಗಾಗಿ ಹಡಗುಗಳು ಕಡಿಮೆ ಇರುವ ದ್ವೀಪ ಶುರುವಿನಲ್ಲಿ ಬರಬೇಕು, ದಿನಕ್ಕೆ ಹಲವು ಹಡಗು ಹೊರಡುವ ದೊಡ್ಡ ದ್ವೀಪ ಕೊನೆಯಲ್ಲಿ ಬರಬೇಕು. ನಾಕ್ಸೋಸ್ ಕೊನೆಗೆ ಬಂದದ್ದು ಇದೇ ಕಾರಣಕ್ಕೆ: ಅಲ್ಲಿಂದ ಪಿರೇಯಸ್‌ಗೆ ದೊಡ್ಡ ಹಡಗಿನಲ್ಲಿ ಐದು, ಐದೂವರೆ ಗಂಟೆ, ಒಂದು ತಪ್ಪಿದರೆ ಇನ್ನೊಂದು. ಕೊನೆಯಲ್ಲಿ ಸಾಂಟೊರಿನಿ ಇದ್ದರೆ ಅದೇ ದೊಡ್ಡ ಹಡಗಿಗೆ ಏಳೂವರೆ, ಎಂಟು ಗಂಟೆ ಬೇಕು, ರೂಮಿನ ದರವೂ ಎರಡರಷ್ಟು. ನನ್ನ ಮಟ್ಟಿಗೆ, ದಣಿದ ಇಬ್ಬರಿಗೆ ಅಷ್ಟೊಂದು ಜನಸಂದಣಿಯ ದ್ವೀಪ ಹೊಂದುವುದೇ ಇಲ್ಲ.

ಉದ್ದದ ಪ್ರವಾಸದವರ ದೊಡ್ಡ ತೊಂದರೆ ಲಗೇಜು. ಚಳಿಯ ಜಾಕೆಟ್, ಬೂಟು, ಅಲ್ಲಲ್ಲಿ ಕೊಂಡ ಸಾಮಾನು ಎಲ್ಲ ಸೇರಿ ಒಬ್ಬೊಬ್ಬರದು ಇಪ್ಪತ್ತು ಕಿಲೋ ದಾಟಿರುತ್ತದೆ. ಈ ದ್ವೀಪಗಳ ಹಳೇ ಊರುಗಳಲ್ಲಿ ಕಲ್ಲು ಹಾಸಿದ ಓಣಿ, ಮೆಟ್ಟಿಲು. ಚಕ್ರದ ಪೆಟ್ಟಿಗೆ ಅಲ್ಲಿ ಉರುಳುವುದಿಲ್ಲ. ಅಥೆನ್ಸಿನಲ್ಲಿ ಲಗೇಜು ಇಟ್ಟುಕೊಳ್ಳುವ ಅಂಗಡಿಗಳು ಚೀಲಕ್ಕೆ ದಿನಕ್ಕೆ ಐದಾರು ಯೂರೊ ಕೇಳುತ್ತವೆ, ಎರಡು ವಾರಕ್ಕೆ ಲೆಕ್ಕ ಹಾಕಿದರೆ ಒಂದು ಹಡಗಿನ ಟಿಕೆಟ್ಟನ್ನು ಮೀರುತ್ತದೆ. ಮೊದಲ ರಾತ್ರಿ ಮತ್ತು ಕೊನೆಯ ರಾತ್ರಿ ಒಂದೇ ಲಾಡ್ಜಿನಲ್ಲಿ ಕಟ್ಟಿ, ಕಟ್ಟುವ ಮೊದಲೇ ಬರೆದು ಕೇಳಿ. ನಮಗೆ ಪುಕ್ಕಟೆ ಇಟ್ಟುಕೊಂಡರು. ನಾವು ಹೊತ್ತದ್ದು ಬೆನ್ನಿಗೆ ಒಂದೊಂದು ಚೀಲ, ಏಳೆಂಟು ಕಿಲೋ. ಒಳಗೆ ಗಾಳಿ ತಡೆಯುವ ತೆಳು ಜಾಕೆಟ್ ಇರಲೇಬೇಕು, ಸೆಪ್ಟೆಂಬರಿನಲ್ಲೂ ಹಡಗಿನ ಮೇಲಿನ ಡೆಕ್ಕಿನಲ್ಲಿ ರಾತ್ರಿ ನಡುಕ ಬರುತ್ತದೆ.

ಪಿರೇಯಸ್‌ನಲ್ಲಿ ಸೈಕ್ಲೇಡ್ಸ್ ಹಡಗುಗಳು ಹೆಚ್ಚಾಗಿ ಇ6, ಇ7 ಗೇಟುಗಳಿಂದ ಹೊರಡುತ್ತವೆ, ಮೆಟ್ರೊ ನಿಲ್ದಾಣದ ಹತ್ತಿರವೇ. ಆದರೂ ಟಿಕೆಟಿನಲ್ಲಿರುವ ಗೇಟ್ ಅಂತಿಮ, ಇ1 ಅಂತಿದ್ದರೆ ನಡೆದು ನಡೆದು ಸುಸ್ತಾಗುತ್ತದೆ. ಎಕಾನಮಿ ಟಿಕೆಟಿಗೆ ಸೀಟು ನಂಬರ್ ಇಲ್ಲ. ಹೊರಡುವ ಸಮಯಕ್ಕೆ ಮುಕ್ಕಾಲು ಗಂಟೆ ಮುಂಚೆ ಒಬ್ಬರು ನೇರ ಮೇಲೆ ಹೋಗಿ ಜಾಗ ಹಿಡಿಯಬೇಕು, ಇನ್ನೊಬ್ಬರು ಎರಡೂ ಚೀಲ ಇಡಬೇಕು. ಚೀಲ ಇಡುವ ಕಪಾಟುಗಳು ಕೆಳಗೆ ಗರಾಜಿನ ಬದಿಯಲ್ಲಿವೆ, ಪ್ರತಿಯೊಂದರ ಮೇಲೂ ದ್ವೀಪದ ಹೆಸರು ಬರೆದಿರುತ್ತದೆ. ನಿಮ್ಮ ದ್ವೀಪದ ಕಪಾಟು ತುಂಬಿದೆ ಎಂದು ಪಕ್ಕದ್ದರಲ್ಲಿ ಇಟ್ಟಿರೋ, ಆ ದ್ವೀಪದಲ್ಲಿ ಇಳಿಯುವವರು ನಿಮ್ಮ ಚೀಲವನ್ನು ಎಳೆದು ನೆಲಕ್ಕೆ ಹಾಕಿರುತ್ತಾರೆ, ಅದರ ಮೇಲೆ ಇನ್ನಾರದೋ ಪೆಟ್ಟಿಗೆ ಬಿದ್ದಿರುತ್ತದೆ.

ಇಳಿಯುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಬಹಳ ಜನ ಎಡವುವುದು ಇಲ್ಲಿ. ಸಣ್ಣ ದ್ವೀಪಗಳಲ್ಲಿ ಹಡಗು ಐದು, ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಅದು ಹಿಂಭಾಗವನ್ನು ದಡಕ್ಕೆ ತಿರುಗಿಸಿಕೊಂಡು ಹಿಮ್ಮುಖವಾಗಿ ಬರುತ್ತದೆ. ಗರಾಜಿನಲ್ಲಿ ನಿಂತಿರುವಾಗಲೇ ಲಾರಿಗಳು ಇಂಜಿನ್ ಹಾಕುತ್ತವೆ, ಡೀಸೆಲ್ ಹೊಗೆ ಕಣ್ಣಿಗೆ ಬರುತ್ತದೆ, ಸರಪಳಿ ಕಿರಗುಟ್ಟಿ ಬಾಗಿಲು ಕೆಳಗಿಳಿಯುತ್ತದೆ. ಆ ಕಬ್ಬಿಣದ ಹಲಗೆಯ ತುದಿ ಕಾಂಕ್ರೀಟಿನ ಮೇಲೆ ಅಲೆಗೆ ತಕ್ಕಂತೆ ಒಂದು ಅಡಿ ಆಚೆ ಈಚೆ ಉಜ್ಜುತ್ತಿರುತ್ತದೆ, ಮೇಲೆ ಉಪ್ಪುನೀರು. ಹಡಗಿನವರು ಕೈ ಬೀಸುವ ತನಕ ಕಾಲಿಡಬೇಡಿ, ಬೀಸಿದ ಮೇಲೆ ನಿಲ್ಲಬೇಡಿ. ಚಪ್ಪಲಿ ಬೇಡ, ಬೂಟು ಹಾಕಿ. ಘೋಷಣೆ ಮೊದಲು ಗ್ರೀಕಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಗ್ರೀಕಿನಲ್ಲಿ ದ್ವೀಪದ ಹೆಸರು ಕಿವಿಗೆ ಬಿದ್ದ ಕ್ಷಣ ಎದ್ದರೆ ಮೆಟ್ಟಿಲ ಮೇಲಿನ ನೂಕುನುಗ್ಗಲು ತಪ್ಪುತ್ತದೆ.

ಅಮೊರ್ಗೋಸಿಗೆ ಎರಡು ಬಂದರು: ಕಟಾಪೊಲ ಮತ್ತು ಏಗಿಯಾಲಿ. ನಡುವೆ ಇಪ್ಪತ್ತೈದು ಕಿಲೋಮೀಟರಿಗೂ ಮಿಕ್ಕಿದ ತಿರುವು ರಸ್ತೆ. ದ್ವೀಪದ ಹೆಸರು ನೋಡಿ ಟಿಕೆಟ್ ಕಟ್ಟಿ, ರೂಮು ಇನ್ನೊಂದು ಬಂದರಿನಲ್ಲಿದ್ದರೆ ರಾತ್ರಿ ಟ್ಯಾಕ್ಸಿಗೆ ರೂಮಿನಷ್ಟೇ ಹಣ ಹೋಗುತ್ತದೆ. ನಾವು ಕಟಾಪೊಲದಲ್ಲಿ ಉಳಿದೆವು, ಮುಂದಿನ ಹಡಗೂ ಅಲ್ಲಿಂದಲೇ ಇತ್ತು. ಬಂಡೆಯ ಮುಖಕ್ಕೆ ಅಂಟಿಸಿದಂತೆ ಕಟ್ಟಿರುವ ಹೊಜೊವಿಯೊಟಿಸ್ಸ ಮಠಕ್ಕೆ ಸುಮಾರು ಮುನ್ನೂರು ಮೆಟ್ಟಿಲು. 1088ರಲ್ಲಿ ಚಕ್ರವರ್ತಿ ಒಂದನೇ ಅಲೆಕ್ಸಿಯೊಸ್ ಕೊಮ್ನೆನೊಸನ ಆಶ್ರಯ ಪಡೆದ ಮಠ ಅದು. ಗಂಡಸರಿಗೆ ಉದ್ದ ಪ್ಯಾಂಟು, ಹೆಂಗಸರಿಗೆ ಉದ್ದ ಲಂಗ. ಪಂಚೆಯಂತೆ ಸುತ್ತಿಕೊಳ್ಳುವ ಒಂದು ಬಟ್ಟೆ ಚೀಲದಲ್ಲಿದ್ದರೆ ಸಾಕು. ಬೆಳಿಗ್ಗೆ ಹೋಗಿ, ಮಧ್ಯಾಹ್ನ ಮುಚ್ಚುತ್ತಾರೆ. ಕಾಲಿನಲ್ಲಿ ಇನ್ನೂ ಶಕ್ತಿ ಇರುವವರಿಗೆ ಹೋರಾ ಊರಿನಿಂದ ಏಗಿಯಾಲಿಗೆ ಹಳೆಯ ಕಾಲುದಾರಿ ಇದೆ, ನಾಲ್ಕೈದು ಗಂಟೆ, ನೆರಳೇ ಇಲ್ಲ. ತಲೆಗೆ ಮೂರು ಲೀಟರ್ ನೀರು ಹಿಡಿಯಿರಿ, ವಾಪಸ್ ಬಸ್ಸಿನ ಸಮಯ ಹೊರಡುವ ಮೊದಲೇ ಕೇಳಿಕೊಳ್ಳಿ.

ಅಲ್ಲಿಂದ ಕೂಫೋನಿಸಿಗೆ ಎಕ್ಸ್‌ಪ್ರೆಸ್ ಸ್ಕೊಪೆಲಿಟಿಸ್ ಎಂಬ ಚಿಕ್ಕ ಹಡಗು. ಸಣ್ಣ ದ್ವೀಪಗಳವರಿಗೆ ಅದೇ ಬಸ್ಸು: ಮುಂಜಾನೆ ಅಮೊರ್ಗೋಸಿನಿಂದ ಹೊರಟು ನಾಕ್ಸೋಸಿಗೆ, ಮಧ್ಯಾಹ್ನದ ಮೇಲೆ ವಾಪಸ್. ಭಾನುವಾರ ಸಾಮಾನ್ಯವಾಗಿ ಇಲ್ಲ, ಯೋಜನೆಯ ಕ್ಯಾಲೆಂಡರಿನಲ್ಲಿ ಮೊದಲು ಗುರುತು ಹಾಕಬೇಕಾದ್ದು ಇದನ್ನೇ. ಟಿಕೆಟ್ ತಲೆಗೆ ಹತ್ತು ಯೂರೊ ಆಸುಪಾಸು. ಪಶ್ಚಿಮಕ್ಕೆ ಹೋಗುವಾಗ ಉತ್ತರದ ಗಾಳಿ ಪಕ್ಕೆಗೆ ಹೊಡೆಯುವುದರಿಂದ ಹಡಗು ಉದ್ದಕ್ಕೆ ಏರಿಳಿಯುವುದಕ್ಕಿಂತ ಅಡ್ಡಕ್ಕೆ ತೂಗುತ್ತದೆ, ಹೊಟ್ಟೆ ತೊಳಸುವುದು ಇದರಿಂದ. ನಡುಭಾಗದಲ್ಲಿ, ಆದಷ್ಟು ಕೆಳಗೆ, ದಿಗಂತ ಕಾಣುವಂತೆ ಕೂರಬೇಕು. ಇಲ್ಲೊಂದು ಪ್ರಯೋಗ ಮಾಡಿದೆವು: ಒಬ್ಬರಿಗೆ ಒಣಶುಂಠಿ, ಒಬ್ಬರಿಗೆ ಪ್ರಯಾಣದ ವಾಂತಿ ತಡೆಯುವ ಮಾತ್ರೆ. ಗಾಳಿ ಐದರ ತನಕ ಶುಂಠಿ ತಡೆಯಿತು, ಮೇಲೆ ಹೋದಾಗ ತಡೆಯಲಿಲ್ಲ. ಮಾತ್ರೆಯನ್ನು ಹೊರಡುವುದಕ್ಕೆ ಮುಕ್ಕಾಲು, ಒಂದು ಗಂಟೆ ಮುಂಚೆ ನುಂಗಬೇಕು, ತೂಗಾಟ ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅದು ನಿದ್ದೆ ತರುತ್ತದೆ, ಹಾಗಾಗಿ ಇಬ್ಬರೂ ಒಟ್ಟಿಗೆ ನುಂಗಬಾರದು. ಇಳಿಯುವ ದ್ವೀಪ ನೋಡಿಕೊಳ್ಳಲು ಒಬ್ಬರು ಎಚ್ಚರವಿರಬೇಕು.

ಕೂಫೋನಿಸಿಯಲ್ಲಿ ವಾಹನವೇ ಬೇಡ. ಬಂದರಿನಿಂದ ಫಿನಿಕಸ್, ಫಾನೊಸ್, ಇಟಾಲಿಡ ದಾಟಿ ಪೋರಿ ತನಕ ದಡ ಹಿಡಿದು ನಡೆದರೆ ಮುಕ್ಕಾಲು ಗಂಟೆಯ ಮೇಲೆ ಸ್ವಲ್ಪ. ಉತ್ತರದ ಗಾಳಿಯ ದಿನ ದಕ್ಷಿಣಕ್ಕೆ ಮುಖ ಮಾಡಿದ ಫಿನಿಕಸ್ ಶಾಂತವಾಗಿರುತ್ತದೆ, ಪೋರಿಯಲ್ಲಿ ಮರಳು ಮುಖಕ್ಕೆ ಹಾರುತ್ತದೆ. ಕುಡಿಯಲು ನಲ್ಲಿ ನೀರು ಬೇಡ, ಬಾಟಲಿ ಕೊಳ್ಳಬೇಕು. ಅಲ್ಲಿನ ರೂಮನ್ನು ಆ ದರಕ್ಕೆ ಹೇಗೆ ಹಿಡಿದೆವು ಎನ್ನುವುದು ನಮ್ಮಲ್ಲೇ ಇರಲಿ, ಇರುವುದೇ ಬೆರಳೆಣಿಕೆಯ ರೂಮು. ಹಡಗಿನಲ್ಲಿ ನೆರಳೂ ಗಾಳಿಮರೆಯೂ ಎರಡೂ ಸಿಗುವ ಮೂಲೆಯನ್ನೂ ನೀವೇ ಹುಡುಕಿಕೊಳ್ಳಿ.

ಊಟಕ್ಕೆ ಅಡುಗೆಮೂಲೆ ಇರುವ ರೂಮು ಹಿಡಿದರೆ ಖರ್ಚು ಅರ್ಧಕ್ಕೆ ಇಳಿಯುತ್ತದೆ. ಅಂಗಡಿಯಲ್ಲಿ ಅಕ್ಕಿ ಕೊಳ್ಳುವಾಗ ನಿಹಾಕಿ ಎಂದು ಬರೆದ ಉದ್ದಕಾಳು ನೋಡಿ, ಗ್ಲಾಸೆ ಎಂದಿದ್ದರೆ ಅದು ಪಾಯಸಕ್ಕೆ ಹೊಂದುವ ಅಂಟಕ್ಕಿ. ಫಾವ ಎಂದು ಮಾರುವ ಹಳದಿ ಬೇಳೆಯನ್ನು ಕುಕ್ಕರಿಲ್ಲದೆ ಮುಕ್ಕಾಲು ಗಂಟೆ ಕುದಿಸಿದರೆ ತಿಳಿಸಾರಿಗೆ ಒದಗುತ್ತದೆ, ಉಪ್ಪು ಮಾತ್ರ ಬೆಂದ ಮೇಲೆ. ಅಲ್ಲಿನ ಸೋಸಿದ ಮೊಸರು ಗಟ್ಟಿ, ಹುಳಿ ಇಲ್ಲ, ಮೊಸರನ್ನಕ್ಕೆ ಸಪ್ಪೆ. ಕುರಿಹಾಲಿನ ಮೊಸರು ಹುಡುಕಿ, ಮೇಲಿನ ಕೆನೆ ತೆಗೆದು ನೀರು ಬೆರೆಸಿದರೆ ರುಚಿ ಸರಿಹೋಗುತ್ತದೆ.

ಹಣದ ಲೆಕ್ಕ, ನೆನಪಿನಿಂದ: ಪಿರೇಯಸ್‌ನಿಂದ ಅಮೊರ್ಗೋಸಿಗೆ ತಲೆಗೆ ನಲವತ್ತರ ಮೇಲೆ, ನಾಕ್ಸೋಸಿನಿಂದ ಪಿರೇಯಸ್‌ಗೆ ಸುಮಾರು ಅಷ್ಟೇ, ನಡುವಿನ ಚಿಕ್ಕ ಹಡಗು ಸೇರಿ ಒಬ್ಬರಿಗೆ ನೂರು ಯೂರೊ ಸುತ್ತಮುತ್ತ. ಪಿರೇಯಸ್, ಮಿಕೊನೋಸ್, ಪಾರೋಸ್, ಸಾಂಟೊರಿನಿ ದಾರಿಯನ್ನು ಕ್ಯಾಟಮರಾನಿನಲ್ಲಿ ಮಾಡಿದರೆ ಇದರ ಎರಡರಷ್ಟು. ರೂಮು ಅಮೊರ್ಗೋಸಿನಲ್ಲಿ ಐವತ್ತೈದು, ಅರವತ್ತು, ನಾಕ್ಸೋಸಿನಲ್ಲಿ ಅದಕ್ಕೂ ಕಡಿಮೆ. ರಾತ್ರಿಗೊಂದು ಸರ್ಕಾರಿ ಶುಲ್ಕ ಬೇರೆ ಇದೆ, ಬುಕಿಂಗ್ ದರದಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ: 2025ರಿಂದ ಏಪ್ರಿಲ್‌ನಿಂದ ಅಕ್ಟೋಬರ್ ತನಕ ಒಂದೆರಡು ಸ್ಟಾರಿನ ಹೋಟೆಲಿಗೆ ರೂಮಿಗೆ 2 ಯೂರೊ, ಮೂರು ಸ್ಟಾರಿಗೆ 5, ನಾಲ್ಕಕ್ಕೆ 10, ಅಲ್ಪಾವಧಿ ಬಾಡಿಗೆಯ ಅಪಾರ್ಟ್‌ಮೆಂಟಿಗೆ 8. ಹಾಗಾಗಿ ಐವತ್ತರ ಅಪಾರ್ಟ್‌ಮೆಂಟಿಗಿಂತ ಐವತ್ತೈದರ ಸಣ್ಣ ಹೋಟೆಲು ಅಗ್ಗ. ಎಟಿಎಂ ನಿಮ್ಮ ಕಾರ್ಡಿನ ಕರೆನ್ಸಿಗೆ ಪರಿವರ್ತಿಸಲೇ ಎಂದು ಕೇಳಿದರೆ ಬೇಡ ಎನ್ನಿ, ಯೂರೊದಲ್ಲೇ ತೆಗೆಯಿರಿ.

ಇಬ್ಬರ ವಿಷಯಕ್ಕೆ ಬರೋಣ. ತಿಂಗಳುಗಟ್ಟಲೆ ಜೊತೆಗೇ ಓಡಾಡಿದವರಿಗೆ ಕೊನೆಯಲ್ಲಿ ಸಣ್ಣ ನಿರ್ಧಾರವೂ ಜಗಳವಾಗುತ್ತದೆ. ಪರಿಹಾರ ಕೆಲಸದ ಹಂಚಿಕೆ: ಗಾಳಿ ಮತ್ತು ಟಿಕೆಟ್ ಒಬ್ಬರದು, ರೂಮು ಮತ್ತು ಊಟ ಇನ್ನೊಬ್ಬರದು, ಒಬ್ಬರ ವಿಷಯದಲ್ಲಿ ಇನ್ನೊಬ್ಬರದು ಸಲಹೆ ಮಾತ್ರ. ಹಡಗು ಹತ್ತಬೇಕೋ ಬೇಡವೋ ಎಂಬುದನ್ನು ನನ್ನ ಹೆಂಡತಿಯೇ ನಿರ್ಧರಿಸುತ್ತಿದ್ದಳು, ಗಾಳಿಯ ನಕ್ಷೆಯನ್ನು ಅವಳು ನನಗಿಂತ ಚೆನ್ನಾಗಿ ಓದುತ್ತಾಳೆ. ಯಾವ ದ್ವೀಪದಲ್ಲೂ ಮೂರು ರಾತ್ರಿಗಿಂತ ಕಡಿಮೆ ಬೇಡ, ಅದರಲ್ಲಿ ಒಂದು ಅರ್ಧ ದಿನ ಇಬ್ಬರೂ ಬೇರೆ ಬೇರೆ. ನಾಕ್ಸೋಸಿನಲ್ಲಿ ನಾನು 1,004 ಮೀಟರಿನ ಜಾಸ್ ಬೆಟ್ಟ ಹತ್ತಿದೆ, ಅವಳು ಪ್ಲಾಕ ಕಡಲತೀರಕ್ಕೆ ಹೋದಳು. ಬೆಟ್ಟಕ್ಕೆ ಆರಿಯ ಚಿಲುಮೆಯ ಕಡೆಯಿಂದ ಕಡಿದಾದ ದಾರಿ, ಅಯಿಯ ಮರೀನ ಚಾಪೆಲ್ ಕಡೆಯಿಂದ ಸುಲಭ. ಮಂಡಿನೋವಿರುವವರು ಎರಡನೆಯದರಲ್ಲೇ ಹತ್ತಿ ಇಳಿಯಿರಿ.

ಪಿರೇಯಸ್‌ಗೆ ವಾಪಸಾದ ದಿನಕ್ಕೂ ವಿಮಾನದ ದಿನಕ್ಕೂ ನಡುವೆ ಎರಡು ಪೂರ್ತಿ ದಿನ ಬಿಡಿ. ಯುರೋಪಿನ ಷೆಂಗೆನ್ ವೀಸಾದ ದಿನಗಳು ಮುಗಿಯುತ್ತಾ ಬಂದಿರುವವರಿಗೆ ಇದು ಇನ್ನೂ ಮುಖ್ಯ: ಒಳಬಂದ ದಿನ, ಹೊರಹೋಗುವ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ವೀಸಾ ಅರ್ಜಿ ಹಾಕುವಾಗಲೇ ಆ ಎರಡು ದಿನವನ್ನು ಸೇರಿಸಿ ಕೇಳಿ. ರಾತ್ರಿ ಹಡಗು ತಡವಾದರೆ ಪಿರೇಯಸ್‌ನಿಂದ ವಿಮಾನ ನಿಲ್ದಾಣಕ್ಕೆ ಎಕ್ಸ್96 ಬಸ್ಸು ಇಡೀ ರಾತ್ರಿ ಓಡುತ್ತದೆ, 5.50 ಯೂರೊ. ಹಗಲಿಗೆ 3ನೇ ಮೆಟ್ರೊ ನೇರ ಹೋಗುತ್ತದೆ, 9 ಯೂರೊ, ಸುಮಾರು ಒಂದು ಗಂಟೆ. 2022ರ ಅಕ್ಟೋಬರಿನಿಂದ ಆ ಮಾರ್ಗ ಬಂದರಿನ ತನಕ ಬಂದಿದೆ. ಮಧ್ಯರಾತ್ರಿ ದಾಟಿ ಹೊರಡುವ ವಿಮಾನವಾದರೆ ವಲಸೆ ಕೌಂಟರನ್ನು ಹನ್ನೆರಡಕ್ಕೆ ಮೊದಲೇ ದಾಟಿ. ಲೆಕ್ಕಕ್ಕೆ ಬರುವುದು ಅಲ್ಲಿ ದಾಖಲಾದ ದಿನಾಂಕ, ವಿಮಾನ ಮೇಲೇರಿದ ಸಮಯವಲ್ಲ.