ಕಿರಣ್‌ನಿಂದ ಹಾಕ್‌ವರೆಗೆ: ಬೀದರ್ ವಾಯುನೆಲೆಯ ಹ್ಯಾಂಗರಿನಲ್ಲಿ ನನ್ನ ಅನುಭವ

ಹಳೆಯ ಸೇನಾ ವಿಮಾನಗಳ ಜಾಗಕ್ಕೆ ಹೊಸವು ಬಂದಾಗ ಪತ್ರಿಕೆಗಳು ಎಷ್ಟು ಕೋಟಿ, ಎಷ್ಟು ವಿಮಾನ, ಯಾವ ದೇಶದ್ದು ಎಂದು ಬರೆಯುತ್ತವೆ. ಆ ವಿಮಾನಗಳ ಒಡಲೊಳಗೆ ಕೈಯಿಟ್ಟು ದುಡಿಯುವವರಿಗೆ ಈ ಬದಲಾವಣೆ ಹೇಗಿರುತ್ತದೆ ಎಂದು ಬರೆದವರು ಕಡಿಮೆ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಭಾಲ್ಕಿ ತಾಲೂಕಿನವನು. ಬೆಳಗಾವಿಯ ಸಾಂಬ್ರಾದಲ್ಲಿ ಮೊದಲ ತರಬೇತಿ ಮುಗಿಸಿ ವಾಯುಪಡೆಯಲ್ಲಿ ಇನ್‌ಸ್ಟ್ರುಮೆಂಟ್ ಫಿಟ್ಟರ್ ಆದೆ. ವಿಮಾನದ ವೇಗ, ಎತ್ತರ, ದಿಕ್ಕು, ಇಂಧನ, ಇವನ್ನು ಪೈಲಟ್‌ಗೆ ತೋರಿಸುವ ಉಪಕರಣಗಳೆಲ್ಲ ನಮ್ಮ ಪಾಲಿನವು. ಸೇವೆಯ ಬಹುಭಾಗ ಕಳೆದದ್ದು ತರಬೇತಿ ವಿಮಾನಗಳ ಜೊತೆ: ಮೊದಲು ಹೈದರಾಬಾದ್ ಬಳಿಯ ಹಕೀಂಪೇಟೆಯಲ್ಲಿ, ಆಮೇಲೆ ನಮ್ಮದೇ ಜಿಲ್ಲೆಯ ಬೀದರ್‌ನಲ್ಲಿ. ಅಲ್ಲಿ ಕಿರಣ್ ವಿಮಾನ ಬಿಟ್ಟು ಹಾಕ್ ವಿಮಾನಕ್ಕೆ ದಾಟಿದ ಕಾಲವನ್ನು ಹತ್ತಿರದಿಂದ ಕಂಡೆ.

ಕಿರಣ್ ನಮ್ಮದೇ ವಿಮಾನ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1964ರ ಸೆಪ್ಟೆಂಬರ್ 4ರಂದು ಮೊದಲು ಹಾರಿತು. ಗುರು ಮತ್ತು ಶಿಷ್ಯ ಅಕ್ಕಪಕ್ಕ ಕೂರುವ ವಿನ್ಯಾಸ ಅದರದು. ಮೊದಲ ಮಾದರಿಯಲ್ಲಿ ವೈಪರ್ ಎಂಜಿನ್ ಇತ್ತು. ಮಾರ್ಕ್-2 ಮಾಡುವಾಗ ನ್ಯಾಟ್ ಯುದ್ಧವಿಮಾನದಲ್ಲಿದ್ದ ಆರ್ಫಿಯಸ್ ಎಂಜಿನ್ ಕೂರಿಸಿದರು, ಬಂದೂಕುಗಳನ್ನು ಹಾಕಿದರು, ರೆಕ್ಕೆಗಳ ಕೆಳಗೆ ಶಸ್ತ್ರ ತೂಗುಹಾಕುವ ಜಾಗಗಳನ್ನು ಹೆಚ್ಚಿಸಿದರು. ಇದ್ದ ಮೈಗೆ ಹೆಚ್ಚು ಬಲದ ಎಂಜಿನ್ ಕೊಟ್ಟು ಆಯಸ್ಸು ಹೆಚ್ಚಿಸುವ ಕೆಲಸ ನಮ್ಮ ದೇಶಕ್ಕೆ ಹೊಸದಲ್ಲ. 1996ರಲ್ಲಿ ಬೀದರ್‌ನಲ್ಲಿ ಹುಟ್ಟಿದ ವೈಮಾನಿಕ ಕಸರತ್ತಿನ ಸೂರ್ಯಕಿರಣ್ ತಂಡ ಹಾರಿಸಿದ್ದು ಇದೇ ಮಾರ್ಕ್-2 ವಿಮಾನಗಳನ್ನು.

ಹಳೆಯ ವಿಮಾನದ ಜೊತೆಗಿನ ಕೆಲಸ ಹೇಗಿರುತ್ತದೆ ಎನ್ನುವುದಕ್ಕೆ ನಮ್ಮ ವಿಭಾಗದ ಒಂದು ಪರೀಕ್ಷೆಯನ್ನೇ ಹೇಳುತ್ತೇನೆ. ಮುಂದಕ್ಕೆ ಚಾಚಿಕೊಂಡ ಪಿಟೋ ನಳಿಗೆ ಎದುರುಗಾಳಿಯ ಒತ್ತಡವನ್ನು ಹಿಡಿಯುತ್ತದೆ. ಸ್ಟ್ಯಾಟಿಕ್ ಎಂಬ ಸಣ್ಣ ರಂಧ್ರಗಳು ಸುತ್ತಲಿನ ಗಾಳಿಯ ಒತ್ತಡವನ್ನು ಹಿಡಿಯುತ್ತವೆ. ಎರಡರ ನಡುವಿನ ವ್ಯತ್ಯಾಸದಿಂದ ವೇಗ ತಿಳಿಯುತ್ತದೆ, ಸ್ಟ್ಯಾಟಿಕ್ ಒಂದರಿಂದಲೇ ಎತ್ತರ ತಿಳಿಯುತ್ತದೆ. ಈ ಕೊಳವೆಗಳಲ್ಲಿ ಎಲ್ಲಾದರೂ ಸೋರಿಕೆಯಿದ್ದರೆ ಪೈಲಟ್‌ಗೆ ಕಾಣುವ ಎತ್ತರವೇ ಸುಳ್ಳಾಗುತ್ತದೆ. ಹಾಗಾಗಿ ಪರೀಕ್ಷಾ ಪೆಟ್ಟಿಗೆಯ ಕೊಳವೆಯನ್ನು ರಂಧ್ರಕ್ಕೆ ಜೋಡಿಸಿ, ಒಳಗಿನ ಗಾಳಿಯನ್ನು ನಿಧಾನವಾಗಿ ಎಳೆಯುತ್ತೇವೆ. ವಿಮಾನ ನೆಲದ ಮೇಲೆಯೇ ನಿಂತಿರುತ್ತದೆ, ಆದರೆ ಆಲ್ಟಿಮೀಟರ್ ಮುಳ್ಳು ಸಾವಿರಾರು ಅಡಿ ಮೇಲೇರುತ್ತದೆ. ಬೇಕಾದ ಎತ್ತರಕ್ಕೆ ಬಂದ ಮೇಲೆ ವಾಲ್ವ್ ಮುಚ್ಚಿ ಮುಳ್ಳನ್ನೇ ನೋಡುತ್ತಾ ಕುಳಿತುಕೊಳ್ಳಬೇಕು. ಅದು ನಿಂತಲ್ಲೇ ನಿಂತರೆ ವ್ಯವಸ್ಥೆ ಗಟ್ಟಿ. ಮಿತಿ ಮೀರಿ ಕೆಳಗಿಳಿದರೆ ಸೋರಿಕೆ.

ಇಳಿಯಿತೆಂದರೆ ನಮ್ಮ ನಿಜವಾದ ಕೆಲಸ ಆಗ ಶುರುವಾಗುತ್ತದೆ. ವ್ಯವಸ್ಥೆಯನ್ನು ತುಂಡು ತುಂಡಾಗಿ ಬೇರ್ಪಡಿಸಿ, ಒಂದೊಂದು ತುಂಡನ್ನೂ ಮುಚ್ಚಿ, ಮತ್ತೆ ಒತ್ತಡ ಕೊಟ್ಟು ನೋಡಬೇಕು. ವಯಸ್ಸಾದ ಕಿರಣ್‌ಗಳಲ್ಲಿ ಹೆಚ್ಚಾಗಿ ಸಿಗುತ್ತಿದ್ದುದು ಗಟ್ಟಿಯಾಗಿ ಬಿರಿದ ರಬ್ಬರ್ ಕೊಳವೆ ಅಥವಾ ಕೊಳವೆ ಜೋಡಿಸುವ ಸವೆದ ನಿಪ್ಪಲ್. ಮಳೆಗಾಲದಲ್ಲಿ ಕೊಳವೆಯ ತಗ್ಗಿನಲ್ಲಿ ನೀರು ನಿಂತು ಮುಳ್ಳು ತಡವರಿಸುತ್ತಿದ್ದುದೂ ಉಂಟು. ಸೀಟಿನ ಹಿಂದೆ ಬಗ್ಗಿ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಕಣ್ಣಿಗೆ ಕಾಣದ ನಟ್ಟನ್ನು ಬೆರಳ ತುದಿಯಿಂದಲೇ ತಿರುಗಿಸಿ ಬಿಗಿಮಾಡುವುದನ್ನು ನಮಗೆ ಹಿರಿಯರು ಕಲಿಸಿದ್ದರು. ಯಾವ ವಿಮಾನದ ಯಾವ ಮೂಲೆ ಕೈಕೊಡುತ್ತದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಬಿಡಿಭಾಗಗಳಿಗೆ ಕಾಯುವುದು ಆ ದಿನಗಳ ದೊಡ್ಡ ತಲೆನೋವು. ಒಂದು ವಿಮಾನದ ಗೇಜ್ ತೆಗೆದು ಇನ್ನೊಂದಕ್ಕೆ ಹಾಕಿ ಹಾರಿಸಿದ್ದಿದೆ. ಪ್ರತಿ ಬಾರಿಯೂ ಅದನ್ನು ಕಾಗದದಲ್ಲಿ ಕಾಣಿಸಿಯೇ ಮಾಡುತ್ತಿದ್ದೆವು, ಏಕೆಂದರೆ ಬರೆಯದೆ ಮಾಡಿದ ಕೆಲಸ ನಮ್ಮಲ್ಲಿ ಆಗದ ಕೆಲಸವೇ.

ಹೊಸ ತರಬೇತಿ ವಿಮಾನ ಏಕೆ ಬೇಕಾಗಿತ್ತು ಎಂಬುದು ವಾಯುಪಡೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕಿರಣ್‌ನಲ್ಲಿ ಕಲಿತ ಹುಡುಗರು, ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ನೆಲ ಮುಟ್ಟುವ ಮಿಗ್-21ಕ್ಕೆ ಏರಬೇಕಾಗಿತ್ತು. ನಡುವೆ ಒಂದು ಮೆಟ್ಟಿಲು ಬೇಕೆಂದು ವಾಯುಪಡೆಯ ಅಪಘಾತಗಳನ್ನು ಪರಿಶೀಲಿಸಿದ ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತ್ತು. ಬ್ರಿಟನ್ನಿನ ಹಾಕ್ ವಿಮಾನಕ್ಕೆ ಒಪ್ಪಂದವಾದದ್ದು 2004ರಲ್ಲಿ. ಒಟ್ಟು 66 ವಿಮಾನಗಳ ಪೈಕಿ 24 ಅಲ್ಲಿಂದಲೇ ತಯಾರಾಗಿ ಬರುವುದು, ಉಳಿದ 42 ಎಚ್‌ಎಎಲ್‌ನಲ್ಲಿ ತಯಾರಾಗುವುದು ಎಂದಾಯಿತು. 2008ರ ಫೆಬ್ರವರಿಯಲ್ಲಿ ಹಾಕ್ ಬೀದರ್‌ನಲ್ಲಿಯೇ ವಿಧ್ಯುಕ್ತವಾಗಿ ಸೇವೆಗೆ ಸೇರಿತು. ಸಮಿತಿಯ ಮಾತಿನಿಂದ ಅಲ್ಲಿಗೆ ಕಾಲು ಶತಮಾನ ಕಳೆದಿತ್ತು. ಈ ವಿಳಂಬವನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಆ ನಡುವಿನ ವರ್ಷಗಳಲ್ಲಿ ತರಬೇತಿಯ ಹುಡುಗರು ಆ ಇಲ್ಲದ ಮೆಟ್ಟಿಲನ್ನು ಹಾರಿಯೇ ಮುಂದೆ ಹೋಗಬೇಕಾಯಿತು.

ಹಾಕ್‌ಗೆ ಬರುವ ಮೊದಲು ಹೊಸ ವಿಮಾನವನ್ನು ಕಲಿಸುವ ಕನ್ವರ್ಷನ್ ಕೋರ್ಸ್ ಆಯಿತು. ತರಗತಿಯಲ್ಲಿ ಕುಳಿತು ಮತ್ತೆ ನೋಟ್ಸ್ ಬರೆದುಕೊಳ್ಳುವಾಗ ಒಳಗೊಳಗೆ ಭಯವಿತ್ತು. ಕಿರಣ್‌ನ ಕಾಕ್‌ಪಿಟ್ಟಿನಲ್ಲಿ ಒಂದೊಂದು ಸಂಗತಿಗೂ ಒಂದೊಂದು ಮುಳ್ಳು ಇರುತ್ತಿತ್ತು, ಅದರ ಹಿಂದೆ ನಮಗೆ ಪರಿಚಿತವಾದ ಡಯಾಫ್ರಾಮ್, ಗೈರೊ, ಸ್ಪ್ರಿಂಗ್. ಹಾಕ್‌ನಲ್ಲಿ ಪರದೆಗಳು, ಮುಂದಿನ ಪೈಲಟ್‌ನ ಕಣ್ಣೆದುರು ಗಾಜಿನ ಮೇಲೆ ಮೂಡುವ ಅಂಕಿಗಳು. ಪೆಟ್ಟಿಗೆಗಳು ಡೇಟಾ ಬಸ್ ಎಂಬ ಒಂದೇ ದಾರಿಯಲ್ಲಿ ಪರಸ್ಪರ ಮಾತನಾಡುತ್ತವೆ. ಗುರು ಶಿಷ್ಯನ ಪಕ್ಕದಲ್ಲಿ ಅಲ್ಲ, ಹಿಂದೆ, ಸ್ವಲ್ಪ ಎತ್ತರದ ಸೀಟಿನಲ್ಲಿ ಕುಳಿತಿರುತ್ತಾರೆ. ಮೇಲಿನ ಪಾರದರ್ಶಕ ಮುಚ್ಚಳದ ಮೇಲೆ ಅಂಕುಡೊಂಕಾಗಿ ಅಂಟಿಸಿದ ದಾರದಂತಹದು ಕಾಣುತ್ತದೆ. ಅದು ಸ್ಫೋಟಕ. ಪೈಲಟ್ ಸೀಟು ಸಮೇತ ಹೊರಚಿಮ್ಮಬೇಕಾದ ಗಳಿಗೆಯಲ್ಲಿ ಅದು ಸಿಡಿದು ಮುಚ್ಚಳವನ್ನು ಚೂರು ಮಾಡಿ ದಾರಿ ಬಿಡಿಸುತ್ತದೆ. ಅದನ್ನು ಮೊದಲ ಸಲ ನೋಡಿದ ಹೊಸಬರು ಮುಚ್ಚಳ ಬಿರುಕು ಬಿಟ್ಟಿದೆಯೆಂದೇ ಅಂದುಕೊಳ್ಳುತ್ತಿದ್ದರು.

ಹಾಕ್ ತನ್ನ ದೋಷವನ್ನು ತಾನೇ ಹೇಳುತ್ತದೆ. ಒಳಗಿನ ಪರೀಕ್ಷಾ ವ್ಯವಸ್ಥೆ ಇಂಥ ಪೆಟ್ಟಿಗೆ ಕೆಟ್ಟಿದೆ ಎಂದು ಪರದೆಯಲ್ಲಿ ತೋರಿಸುತ್ತದೆ, ನಾವು ಆ ಪೆಟ್ಟಿಗೆಯನ್ನು ತೆಗೆದು ಬೇರೆಯದನ್ನು ಹಾಕುತ್ತೇವೆ. ಹೆಚ್ಚಿನ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ. ಕಿರಣ್‌ನಲ್ಲಿ ಅರ್ಧ ದಿನ ಹಿಡಿಯುತ್ತಿದ್ದ ಹುಡುಕಾಟ ಚಹಾ ಕುಡಿದು ಬರುವಷ್ಟರಲ್ಲಿ ಮುಗಿಯುವುದನ್ನು ಕಂಡು ನಮ್ಮ ವಿಭಾಗದ ಕೆಲವು ಹಿರಿಯರು ತಮ್ಮ ವಿದ್ಯೆಗೆ ಇನ್ನು ಬೆಲೆಯಿಲ್ಲ ಎಂದು ನೊಂದುಕೊಂಡರು. ನನಗೆ ಹಾಗೆನಿಸಲಿಲ್ಲ. ಏಕೆಂದರೆ ಉಳಿದ ಸಲಗಳಲ್ಲಿ, ಪೆಟ್ಟಿಗೆ ಬದಲಿಸಿದರೂ ದೋಷ ಹೋಗದಿದ್ದಾಗ, ಬೇಕಾಗುವುದು ಕಿರಣ್ ಕಲಿಸಿದ ಬುದ್ಧಿಯೇ.

ಅಂಥದ್ದೊಂದು ಸ್ನ್ಯಾಗ್, ಅಂದರೆ ದೋಷ, ಚೆನ್ನಾಗಿ ನೆನಪಿದೆ. ಹಾರಾಟದಲ್ಲಿ ಒಂದು ಎಚ್ಚರಿಕೆ ಹೊತ್ತಿಕೊಂಡು ತಾನಾಗಿಯೇ ಆರಿಹೋಗುತ್ತಿತ್ತು. ನೆಲಕ್ಕಿಳಿದ ಮೇಲೆ ಪರೀಕ್ಷೆ ಮಾಡಿದರೆ ಎಲ್ಲವೂ ಸರಿ. ಪರದೆ ತೋರಿಸಿದ ಪೆಟ್ಟಿಗೆಯನ್ನು ಬದಲಿಸಿದೆವು. ಮರುದಿನದ ಹಾರಾಟದಲ್ಲಿ ಅದೇ ಎಚ್ಚರಿಕೆ. ಇನ್ನೊಂದು ಪೆಟ್ಟಿಗೆಗೆ ಬೇಡಿಕೆ ಬರೆಯುವ ಮೊದಲು ನಾನು ಪೈಲಟ್ ಬೋಧಕರ ಬಳಿ ಹೋಗಿ, "ಸರ್, ಅದು ಹೊತ್ತಿಕೊಂಡಾಗ ವಿಮಾನ ಏನು ಮಾಡುತ್ತಿತ್ತು?" ಎಂದು ಕೇಳಿದೆ. ಎರಡು ಸಲವೂ ಬಿಗಿಯಾದ ತಿರುವಿನಲ್ಲಿ, ಮೈಭಾರ ನಾಲ್ಕು ಪಟ್ಟಾಗುವಾಗ ಎಂದರು. ಪೆಟ್ಟಿಗೆಯೊಳಗಿನ ದೋಷವಾದರೆ ತಿರುವಿಗಾಗಿ ಕಾಯಬೇಕಾಗಿರಲಿಲ್ಲ. ಭಾರಕ್ಕೆ ಏನೋ ಅಲುಗಾಡುತ್ತಿರಬೇಕು.

ಬಸವಕಲ್ಯಾಣದ ಕಡೆಯ ಒಬ್ಬ ಕಾರ್ಪೋರಲ್‌ನನ್ನು ಕಾಕ್‌ಪಿಟ್ಟಿನಲ್ಲಿ ಕೂರಿಸಿ ಪರದೆ ನೋಡುತ್ತಿರಲು ಹೇಳಿದೆ. ನಾನು ಕೆಳಗೆ ಮುಚ್ಚಳ ಬಿಚ್ಚಿ, ವೈರುಗಳ ಕಟ್ಟನ್ನು ಕನೆಕ್ಟರ್‌ನಿಂದ ಹಿಂದಕ್ಕೆ ಒಂದೊಂದು ಗೇಣು ಹಿಡಿದು ಮೆಲ್ಲಗೆ ಬಾಗಿಸುತ್ತಾ ಹೋದೆ. ಹೊರಗೆ ಬೇರೆ ವಿಮಾನಗಳ ಸದ್ದು, ಮಾತು ಕೇಳುತ್ತಿರಲಿಲ್ಲ, ಹೆಬ್ಬೆರಳ ಸನ್ನೆಯೇ ಗತಿ. ಬಹಳ ಹೊತ್ತಿನ ಮೇಲೆ ಅವನು, "ಬಂತು ಸರ್! ಕೈ ಅಲ್ಲೇ ಇರಲಿ!" ಎಂದು ಕೂಗಿದ. ವಿದ್ಯುತ್ ಕಡಿತ ಮಾಡಿ ಕನೆಕ್ಟರ್ ಬಿಚ್ಚಿ ಭೂತಗನ್ನಡಿ ಹಿಡಿದು ನೋಡಿದೆವು. ಸಾಲಾಗಿ ನಿಂತ ಪಿನ್ನುಗಳಲ್ಲಿ ಒಂದು ಮಾತ್ರ ಕೂದಲೆಳೆಯಷ್ಟು ಒಳಗೆ ಸರಿದಿತ್ತು. ನಿಂತಾಗ ತಗಲುತ್ತಿತ್ತು, ಭಾರ ಬಿದ್ದಾಗ ಬಿಡುತ್ತಿತ್ತು. ಆ ಪಿನ್ನನ್ನು ಬದಲಿಸಿ ಸರಿಯಾಗಿ ಕೂರಿಸಿದ ಮೇಲೆ ಎಚ್ಚರಿಕೆ ಮತ್ತೆ ಬರಲಿಲ್ಲ. ಇಳಿಸಿದ ಪೆಟ್ಟಿಗೆಯಲ್ಲಿ ಯಾವ ದೋಷವೂ ಇರಲಿಲ್ಲ.

ವಿಮಾನದ ದುರಸ್ತಿ ದಾಖಲೆಯಾದ ಫಾರ್ಮ್ 700ರಲ್ಲಿ ಇದನ್ನು ಪೂರ್ತಿ ಬರೆದೆ: ಯಾವ ಕನೆಕ್ಟರ್, ಯಾವ ಪಿನ್, ಯಾವ ತಿರುವಿನಲ್ಲಿ, ಹೇಗೆ ಹುಡುಕಿದೆವು. 'ಪೆಟ್ಟಿಗೆ ಬದಲಿಸಲಾಗಿದೆ, ಸರಿಯಾಗಿದೆ' ಎಂದಷ್ಟೇ ಬರೆದರೆ ಮುಂದಿನವನಿಗೆ ಏನೂ ದಕ್ಕುವುದಿಲ್ಲ. ಹೊಸ ವಿಮಾನ ಬಂದಾಗ ತಯಾರಕರ ಕೈಪಿಡಿ ಜೊತೆಗೆ ಬರುತ್ತದೆ. ಆದರೆ ನಮ್ಮ ಹವೆಯಲ್ಲಿ, ನಮ್ಮ ನೆಲದಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನಾವೇ ಬರೆದು ಕೂಡಿಡಬೇಕು. ಕಿರಣ್‌ನ ಹಿರಿಯರ ತಲೆಯಲ್ಲಿದ್ದ ವಿದ್ಯೆಯ ಬಹುಪಾಲು ಅವರ ಜೊತೆಗೇ ನಿವೃತ್ತಿಯಾಯಿತು. ಹಾಕ್ ವಿಷಯದಲ್ಲಿ ಹಾಗಾಗಬಾರದೆಂದು ನಾನು ಹಟ ಹಿಡಿದು ಬರೆಸುತ್ತಿದ್ದೆ. ಹುಡುಗರು ಬೇಸರಪಟ್ಟುಕೊಂಡರೂ ಬಿಡುತ್ತಿರಲಿಲ್ಲ.

ಬೀದರ್‌ನ ನೆಲವೆಂದರೆ ಜಂಬಿಟ್ಟಿಗೆ ಕಲ್ಲಿನ ನೆಲ. ಮಾರ್ಚ್‌ನಿಂದ ಮೇ ತನಕ ಬೀಸುವ ಗಾಳಿಗೆ ಕೆಂಪು ಧೂಳು, ಹರಳು ಎಲ್ಲೆಡೆ ಬಂದು ಕೂರುತ್ತವೆ. ಜೆಟ್ ಎಂಜಿನ್ ಒಂದು ಸಣ್ಣ ಹರಳನ್ನು ಎಳೆದುಕೊಂಡರೂ ಬ್ಲೇಡಿಗೆ ಪೆಟ್ಟು. ಬೆಳಗಾಗುತ್ತಲೇ ಸಾಲಾಗಿ ನಿಂತು, ನೆಲ ನೋಡುತ್ತಾ, ಕಲ್ಲು, ತಂತಿಯ ತುಂಡು, ಸ್ಕ್ರೂ ಆಯುತ್ತಾ ನಡೆಯುವುದು ಅಧಿಕಾರಿಯಿಂದ ಹಿಡಿದು ಹೊಸ ಏರ್‌ಮನ್ ವರೆಗೆ ಎಲ್ಲರ ಪಾಲಿನ ಕೆಲಸ. ಉಪಕರಣಗಳ ಲೆಕ್ಕವೂ ಅಷ್ಟೇ ಕಟ್ಟುನಿಟ್ಟು. ಬೋರ್ಡಿನ ಮೇಲೆ ಪ್ರತಿ ಸ್ಪ್ಯಾನರಿಗೂ ಅದರದೇ ಆಕಾರದ ಗುರುತು ಇರುತ್ತದೆ. ಒಂದು ಗುರುತು ಖಾಲಿ ಕಂಡರೆ, ಆ ಸ್ಪ್ಯಾನರ್ ಸಿಗುವವರೆಗೆ ವಿಮಾನ ಹಾರುವುದಿಲ್ಲ.

ಹೊಸದು ಬಂದ ತಕ್ಷಣ ಹಳೆಯದು ಮನೆಗೆ ಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. 2009ರಲ್ಲಿ ಪ್ರಾಥಮಿಕ ತರಬೇತಿಯ ಎಚ್‌ಪಿಟಿ-32 ವಿಮಾನಗಳ ಹಾರಾಟ ನಿಂತಿತು. ಆ ಖಾಲಿ ಜಾಗಕ್ಕೆ ಕಿರಣ್‌ಗಳೇ ಬೇಕಾದವು. 2011ರಲ್ಲಿ ಸೂರ್ಯಕಿರಣ್ ತಂಡದ ಪ್ರದರ್ಶನ ನಿಲ್ಲಿಸಿ ವಿಮಾನಗಳನ್ನು ತರಬೇತಿಗೆ ಕೊಡಬೇಕಾಯಿತು. ನಮ್ಮೂರಿನ ಮಕ್ಕಳು ಆಕಾಶದಲ್ಲಿ ಒಂಬತ್ತು ವಿಮಾನಗಳ ಸಾಲನ್ನು ಎಣಿಸುತ್ತಾ ಬೆಳೆದವರು, ಎಲ್ಲರಿಗೂ ಬೇಸರವಾಯಿತು. ಸ್ವಿಟ್ಜರ್ಲೆಂಡಿನ ಪ್ರಾಥಮಿಕ ತರಬೇತಿ ವಿಮಾನ ಪಿಲಾಟಸ್ ಬಂದದ್ದು 2013ರಲ್ಲಿ. 2015ರ ಹೊತ್ತಿಗೆ ಹಾಕ್ ವಿಮಾನಗಳೊಂದಿಗೆ ಸೂರ್ಯಕಿರಣ್ ಮತ್ತೆ ಕಟ್ಟಿಕೊಳ್ಳತೊಡಗಿತು, ಮುಂದೆ ಮತ್ತೆ ಒಂಬತ್ತಾಯಿತು. ಕೆಳಗಿನ ಒಂದು ಮೆಟ್ಟಿಲು ಮುರಿದರೆ ಮೇಲಿನ ಎಲ್ಲವೂ ಅಲುಗಾಡುತ್ತದೆ. ಒಂದೇ ವಿಮಾನದ ಬಗ್ಗೆ ಯೋಚಿಸಿ ಕೊಳ್ಳುವ ಯೋಜನೆ ಸಾಲದು ಎಂದು ನಾನು ಗಟ್ಟಿಯಾಗಿ ನಂಬಿರುವುದು ಇದಕ್ಕೇ.

ಈಗ ಹಾಕ್‌ಗೂ ವಯಸ್ಸಾಗುತ್ತಿದೆ. ಮೊದಲು ಬಂದವು ಸೇವೆಗೆ ಸೇರಿದ್ದು 2008ರಲ್ಲಿ. ಎಚ್‌ಎಎಲ್ ತನ್ನದೇ ಖರ್ಚಿನಲ್ಲಿ ಹಾಕ್-ಐ ಎಂಬ ಸುಧಾರಿತ ಮಾದರಿ ಮಾಡಿ, 2021ರ ಜನವರಿಯಲ್ಲಿ ಒಡಿಶಾ ಕರಾವಳಿಯಾಚೆ ಅದರಿಂದ ದೇಶೀ ಶಸ್ತ್ರವೊಂದನ್ನು ಬಿಡಿಸಿ ಪರೀಕ್ಷಿಸಿತು. ಒಳಗಿನ ಗಣಕ, ಅದರ ತಂತ್ರಾಂಶ ನಮ್ಮದಾದರೆ ಪ್ರತಿ ಬದಲಾವಣೆಗೂ ಹೊರದೇಶದವರ ಮುಂದೆ ನಿಲ್ಲುವ ಕಾಲ ತಪ್ಪುತ್ತದೆ. ಆ ಕೆಲಸ ಬೇಗ ಮುಂದುವರಿಯಲಿ ಎಂದು ಬಯಸುತ್ತೇನೆ. ಆದರೆ ಹೊಸ ಗಣಕ ಕೂರಿಸುವಾಗ ಅದರ ಹಿಂದಿನ ಹಳೆಯ ವೈರುಗಳ ಕಟ್ಟನ್ನೂ, ಕನೆಕ್ಟರ್‌ಗಳನ್ನೂ ಒಂದೊಂದಾಗಿ ಪರೀಕ್ಷಿಸಿ, ಬೇಕಾದಲ್ಲಿ ಬದಲಿಸುವ ಕೆಲಸವನ್ನು ಅದೇ ಯೋಜನೆಗೆ, ಅದೇ ಹಣಕ್ಕೆ ಸೇರಿಸಬೇಕು. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಬಿಸಿಲು, ಮಳೆ, ತಿರುವಿನ ಭಾರ ತಿಂದ ವೈರಿಗೆ ಹೊಸ ಪೆಟ್ಟಿಗೆ ಜೋಡಿಸಿದರೆ, ನಮ್ಮ ಹ್ಯಾಂಗರಿನ ಹುಡುಗರು ಪೆಟ್ಟಿಗೆಯನ್ನೇ ಬದಲಿಸುತ್ತಾ ಕೂರಬೇಕಾಗುತ್ತದೆ.